ವಿಯೆನ್ನಾದ ಎರಡು ಹೋಟೆಲು, ಎರಡು ಬಟ್ಟೆಗಂಟು

“ಕೇಳಿರಪ್ಪಾ ಕೇಳಿ! ನಮ್ಮ ಅರಸರ ಒಬ್ಬಳೇ ಮಗಳು ರೊಸಾಲಿಯಾ ನದಿ ದಂಡೆಯ ಎರಡು ಹೋಟೆಲುಗಳಲ್ಲಿ ಒಂದಕ್ಕೆ ಹೋದವಳು ಹೊರಗೆ ಬಂದಿಲ್ಲ. ಹೋಟೆಲಿನ ಒಡತಿಯ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನು ಆ ಒಡತಿಯ ಕಾಯಂ ಅತಿಥಿ!”

ವಿಯೆನ್ನಾ ಪಟ್ಟಣದಲ್ಲಿ ಈ ಡಂಗುರ ಕೇಳಿದಾಗ ಮಡಿವಾಳರ ಮಾಚಯ್ಯನ ಕೈಯಿಂದ ಸೋಪು ಜಾರಿ ನೀರಿಗೆ ಬಿತ್ತು. ಕನ್ನಡ ಸೀಮೆಯಿಂದ ಹಡಗು ಹತ್ತಿ ಬಂದು ಅರಮನೆಯ ಬಟ್ಟೆ ಒಗೆಯುತ್ತಿದ್ದ ಹುಡುಗ ಅವನು. ಅಲ್ಲಿ ಅವನನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದವಳು ರೊಸಾಲಿಯಾ ಒಬ್ಬಳೇ. ಅವಳಿಲ್ಲದ ಅರಮನೆ ಅವನಿಗೆ ಬೇಕಿರಲಿಲ್ಲ.

ಹೋಟೆಲುಗಳು ಎದುರುಬದುರು ನಿಂತಿದ್ದವು. ಎರಡಕ್ಕೂ ಅಮೃತಶಿಲೆ, ಬೆಳ್ಳಿ ದೀಪ, ಇಳಿಬಿಟ್ಟ ರೇಷ್ಮೆ ಪರದೆ. ನಡುವಿನ ಮೆಟ್ಟಿಲ ಮೇಲೆ ಸೋತ ಗಂಡಸರು ಕೋಣೆಯ ಬೀಗದ ಕೈ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರದೂ ಒಂದೇ ನಗು. ಒಬ್ಬನೂ ರೆಪ್ಪೆ ಬಡಿಯುತ್ತಿರಲಿಲ್ಲ.

ಎರಡೂ ಹೋಟೆಲುಗಳ ಒಡತಿಯಾದ ಮುದುಕಿ ಮೆಲ್ಲಗೆ ಕೇಳಿದಳು: “ಕರೆಯದೆ ಬರುತ್ತೆ, ಬೀಗ ಹಾಕಿದ ಕೋಣೆಯಲ್ಲೂ ಇರುತ್ತೆ. ಹೊಡೆದರೆ ಏಳುತ್ತೆ, ಬಿಟ್ಟರೆ ಅಲ್ಲೇ ಕೂರುತ್ತೆ. ಯಾರದು?”

“ದೆವ್ವ!” ಅಂದ ಒಬ್ಬ ಜಮೀನ್ದಾರ. ಮುದುಕಿ ಅವನ ಅಂಗೈಯಲ್ಲಿ ಬೀಗದ ಕೈ ಇಟ್ಟಳು. ಅವನ ಮುಖಕ್ಕೂ ಆ ನಗು ಹತ್ತಿಕೊಂಡಿತು. “ಗೂಢಚಾರ!” ಅಂದ ದಂಡನಾಯಕ ಅವನ ಪಕ್ಕಕ್ಕೆ ಹೋಗಿ ನಿಂತ.

ಮಾಚಯ್ಯ ಮುಂದೆ ಬಂದು ಹೇಳಿದ: “ದೂಳು, ಅಜ್ಜೀ.”

“ಸರಿ ಮಗಾ. ದಿನಕ್ಕೊಬ್ಬರನ್ನು ಅಪ್ಪಿಕೊಂಡು ಮಲಗುತ್ತೆ, ಅವರ ನೆನಪು ಹೋಗಲೆಂದು ಕಲ್ಲಿನ ಮೇಲೆ ಹೊಡೆಸಿಕೊಳ್ಳುತ್ತೆ. ಏನದು?”

“ಹೋಟೆಲಿನ ಮೇಲುಹಾಸು. ಅರಮನೇಲಿ ಅಂಥವನ್ನ ಹೊಡೆಯೋನು ನಾನೇ ಅಲ್ವಾ!”

ಮುದುಕಿ ನಗಲಿಲ್ಲ. “ಒಂದು ಹೋಟೆಲಿನಲ್ಲಿ ಮಲಗಿದವರು ಬೆಳಗ್ಗೆ ಏಳ್ತಾರೆ, ಇನ್ನೊಂದರಲ್ಲಿ ಏಳೋದಿಲ್ಲ. ಒಳಗೆ ಇಣುಕೋ ಹಾಗಿಲ್ಲ. ನೀನು ಎಲ್ಲಿ ಉಳಿಯುತ್ತೀಯ?”

ಮಾಚಯ್ಯ ಮುಂಬಾಗಿಲು ನೋಡಲೇ ಇಲ್ಲ. ಹಿತ್ತಿಲಿಗೆ ಹೋಗಿ ಎರಡೂ ಕಡೆ, “ಬಟ್ಟೆ ಹಾಕ್ರವ್ವೋ!” ಎಂದು ಕೂಗಿದ. ಬಾಗಿಲಿಗೆ ಬಂದ ಮಡಿವಾಳನನ್ನು ಬರಿಗೈಲಿ ಕಳಿಸಬಾರದು. ಆ ಕಟ್ಟಳೆಯನ್ನು ಮುದುಕಿಯೂ ಮೀರುವಂತಿರಲಿಲ್ಲ. ಎರಡು ಗಂಟು ಹೊರಗೆ ಬಿದ್ದವು.

ಎಡಗಡೆಯದನ್ನು ಬಿಚ್ಚಿದ. ಹಾಲಿನಂಥ ಬಿಳುಪು, ಸುಕ್ಕಿಲ್ಲ, ವಾಸನೆಯಿಲ್ಲ. ಮುಟ್ಟಿದ ಬೆರಳು ಮರಗಟ್ಟಿತು. ಬಲಗಡೆಯದರಲ್ಲಿ ಕಾಫಿ ಕಲೆ, ಬೆವರಿನ ಘಾಟು, ಯಾರದೋ ಉದ್ದ ಕೂದಲು. ಅಂಥ ಹೊಲಸು ಗಂಟನ್ನು ಅವನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟ.

“ಇಲ್ಲೇ ಉಳೀತೀನಿ,” ಅಂದ.

ಬಲಗಡೆಯ ಬಾಗಿಲು ತೆರೆಯಿತು. ಕೆದರಿದ ತಲೆಯ ರೊಸಾಲಿಯಾ ಆಕಳಿಸುತ್ತಾ ಬಂದು, “ಮಾಚಯ್ಯಾ, ಎಷ್ಟು ದಿನ ಮಲಗಿದ್ದೆ ನಾನು?” ಎಂದಳು. ಮೆಟ್ಟಿಲ ಮೇಲಿನವರ ಕೈಯಿಂದ ಬೀಗದ ಕೈಗಳು ಉದುರಿದವು, ಎಲ್ಲರೂ ರೆಪ್ಪೆ ಬಡಿದರು.

ಅರಸ ಓಡಿಬಂದು ಮಗಳನ್ನು ತಬ್ಬಿಕೊಂಡ. “ಹೇಗೆ ತಿಳಿಯಿತಯ್ಯ?”

“ಬುದ್ಧೀ, ದೂಳು ನಾನು ದಿನಾ ಕೊಡವೋದು, ಮೇಲುಹಾಸು ನಾನು ದಿನಾ ಒಗೆಯೋದು. ಇನ್ನು ಮೂರನೆಯದು... ಉಸಿರಾಡೋ ಮನುಷ್ಯ ಮಲಗಿದ ಕಡೆ ಕೊಳೆ ಆಗೇ ಆಗ್ತದೆ.”

ಅರಸ ಕೊಟ್ಟ ಮಾತಿಗೆ ತಪ್ಪಲಿಲ್ಲ. ರೊಸಾಲಿಯಾಳೂ ನಗುತ್ತಾ ಒಪ್ಪಿದಳು. ಮದುವೆ ಮಾತು ಮುಗಿದು ಎಲ್ಲರೂ ಹೊರಟಾಗ ಮುದುಕಿ ಮಾಚಯ್ಯನ ಕಿವಿಯ ಹತ್ತಿರ ಬಂದಳು. “ಎಡಗಡೆ ನಿನ್ನ ಹೆಸರಿನ ಕೋಣೆಯೂ ಒಂದಿದೆ, ಮಗಾ.”

“ಗೊತ್ತು ಕಣಜ್ಜೀ, ಒಂದಿನ ಬರ್ತೀನಿ,” ಅಂದ ಮಾಚಯ್ಯ, ಬಲಗಡೆಯ ಗಂಟನ್ನು ಹೆಗಲಿಗೇರಿಸುತ್ತಾ. “ಇವತ್ತು ಇದನ್ನ ಒಗೀಬೇಕು.”