ಪುಟ್ಟ ಚಂದ್ರನ ಹತ್ತಿರದ ಸೊನ್ನೆ

ಒಂದೇ ವಾರದಲ್ಲಿ ಧರಣೇಂದ್ರ ಮೂರನೆಯ ಸಲ ಹೊಳೆ ದಾಟಿದ. ದೋಣಿಯಿಂದ ಇಳಿಯುವಾಗಲೇ ಅವನ ಮುಖ ಗಂಟಿಕ್ಕಿಕೊಂಡಿತ್ತು.

ಆ ದಡದ ಆಶ್ರಮದಲ್ಲಿ ಅವನ ಗುರು ನಾಗಲಾಂಬೆ ಇದ್ದರು. ಮೂವತ್ತು ವರ್ಷ ವ್ಯೋಮನೌಕೆಗಳಿಗೆ ಉಪಕರಣ ಕಟ್ಟಿಕೊಟ್ಟು, ಆಮೇಲೆ ಎಲ್ಲ ಬಿಟ್ಟು ಇಲ್ಲಿ ಬಂದು ನೆಲೆಸಿದವರು. ಈಗ ಆಶ್ರಮದ ಊಟದ ಮನೆಯ ಉಸ್ತುವಾರಿ ಅವರದು. ಹಳೆಯ ಶಿಷ್ಯರು ಏನಾದರೂ ತಿಳಿಯದೆ ಹೋದಾಗ ಇಲ್ಲಿಗೇ ಹುಡುಕಿಕೊಂಡು ಬರುತ್ತಿದ್ದರು.

ಧರಣೇಂದ್ರನಿಗೆ ತಿಳಿಯದೆ ಇದ್ದುದು ಏನೂ ಇರಲಿಲ್ಲ. ಅವನಿಗೆ ಬೇಕಾಗಿದ್ದುದು ವರದಿಯ ಕೆಳಗೆ ಅವರ ಒಂದು ಸಹಿ.

ಗುರುಗ್ರಹದ ಕಾಂತಬಲಕ್ಕೆ ಸಿಕ್ಕಿಬಿದ್ದ ಕಣಗಳು ತಪ್ಪಿಸಿಕೊಳ್ಳಲಾರದೆ ಅದರ ಸುತ್ತಲೇ ಹುಚ್ಚು ವೇಗದಲ್ಲಿ ಓಡುತ್ತಿರುತ್ತವೆ. ಅವುಗಳ ಹೊಡೆತಕ್ಕೆ ಯಂತ್ರಗಳು ಬಹಳ ದಿನ ಬಾಳುವುದಿಲ್ಲ. ಒಂದು ನೌಕೆ ಆ ಗ್ರಹದ ಒಳಚಂದ್ರಗಳ ಪಕ್ಕದಲ್ಲೇ ಹಾದು, ನಾಗಲಾಂಬೆ ಕಟ್ಟಿಕೊಟ್ಟಿದ್ದ ಒಂದು ಪುಟ್ಟ ಉಪಕರಣದಿಂದ ದಾರಿಯುದ್ದಕ್ಕೂ ಕಣಗಳನ್ನು ಎಣಿಸಿ ಕಳಿಸಿತ್ತು. ಎಣಿಕೆ ಏರುತ್ತಲೇ ಹೋಗಿ, ಒಳಗಿನ ಒಂದು ಪುಟ್ಟ ಚಂದ್ರನ ಹತ್ತಿರ ಇದ್ದಕ್ಕಿದ್ದಂತೆ ಬಿದ್ದು ಸೊನ್ನೆಯಾಗಿತ್ತು.

ಮೊದಲ ಸಲ ಬಂದಾಗ ಧರಣೇಂದ್ರ ಕಾಗದಗಳನ್ನು ಜಗಲಿಯ ತುಂಬ ಹರಡಿ ಎರಡು ಗಂಟೆ ವಿವರಿಸಿದ್ದ.

"ಆ ಚಂದ್ರ ತನ್ನ ದಾರಿಯ ಕಣಗಳನ್ನೆಲ್ಲ ನುಂಗಿಬಿಟ್ಟಿದೆ ಅಮ್ಮಾ. ಅಲ್ಲಿ ಪೂರ್ತಿ ಶಾಂತ. ಮುಂದಿನ ನೌಕೆ ಅಲ್ಲೇ ಉಳಿದು ಸುತ್ತಬಹುದು. ತೆಳು ಕವಚ ಸಾಕು."

"ಇನ್ನೊಮ್ಮೆ ನೋಡು," ಎಂದು ಹೇಳಿ ಅವರು ಎದ್ದು ಹೋಗಿದ್ದರು.

ಎರಡನೆಯ ಸಲವೂ ಅದೇ ಮಾತು.

ಕವಚ ತೆಳುವಾದರೆ ಉಳಿಯುವ ತೂಕದಲ್ಲಿ ಧರಣೇಂದ್ರ ಆರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಟ್ಟಿದ ಕ್ಯಾಮೆರಾಕ್ಕೂ ನೌಕೆಯಲ್ಲಿ ಜಾಗ ಸಿಗುತ್ತಿತ್ತು. ಅದನ್ನು ಅವನು ಗುರುವಿಗೆ ಹೇಳಿರಲಿಲ್ಲ.

"ಇವತ್ತು ಸಹಿ ಹಾಕಲೇಬೇಕು ಅಮ್ಮಾ," ಎಂದ ಈ ಸಲ, ಚಪ್ಪಲಿ ಬಿಡುವ ಮೊದಲೇ. "ನಾಳೆ ವರದಿ ಒಪ್ಪಿಸಬೇಕು. ನಮ್ಮ ಸಂಸ್ಥೆಯ ನಿರ್ದೇಶಕರು ಆಗಲೇ ಪತ್ರಿಕೆಯವರಿಗೂ ಹೇಳಿಬಿಟ್ಟಿದ್ದಾರೆ."

ನಾಗಲಾಂಬೆ ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟು ಅವನನ್ನು ನೋಡಿದರು.

"ಇನ್ನೊಮ್ಮೆ ನೋಡಿದೆಯಾ?"

"ಹತ್ತು ಸಲ ನೋಡಿದೆ! ಸೊನ್ನೆ ಅಂದರೆ ಸೊನ್ನೆ. ಇನ್ನೇನು ನೋಡಲಿ? ನನ್ನ ಪ್ರಾಣ ಯಾಕೆ ತಿನ್ನುತ್ತೀರಿ?"

ಅವರು ನಿಟ್ಟುಸಿರು ಬಿಟ್ಟರು. ಗೂಡಿನಿಂದ ಒಂದು ನೋಟ್‌ಬುಕ್ಕು, ಪೆನ್ನು ತೆಗೆದು ಅವನ ಕೈಗಿತ್ತರು.

"ಊಟದ ಮನೆ ಬಾಗಿಲಲ್ಲಿ ನಿಂತ್ಕೋ. ಒಳಗೆ ಬರೋ ಒಬ್ಬೊಬ್ಬರ ಹೆಸರೂ ಕೇಳಿ ಬರಿ. ಆಮೇಲೆ ಸಹಿ ಮಾತು."

"ನಾನು ಇಲ್ಲಿಗೆ ಬಂದದ್ದು ಇದಕ್ಕಾ?"

ಅವರು ಮೊರ ಎತ್ತಿಕೊಂಡರು.

ಧರಣೇಂದ್ರ ಹಲ್ಲು ಕಚ್ಚಿಕೊಂಡು ಬಾಗಿಲಲ್ಲಿ ನಿಂತ. ಗಂಟೆ ಹೊಡೆಯಲು ಇನ್ನೂ ಅರ್ಧ ತಾಸಿತ್ತು. ಒಬ್ಬರು, ಇಬ್ಬರು ಬಂದರು. ಕೇಳಿದ, ಬರೆದ. ಒಬ್ಬ ಅಜ್ಜಿ ತನ್ನ ಹೆಸರಿನ ಜೊತೆಗೆ ಊರು, ಅಳಿಯನ ಊರು ಎಲ್ಲ ಹೇಳಿದಳು. ಹೀಗೆ ಮೂವತ್ತೊಂದು ಹೆಸರಾಯಿತು.

ಆಗ ಗಂಟೆ ಹೊಡೆಯಿತು.

ಹೊಳೆಯ ಕಡೆಯಿಂದ ಜನ ನುಗ್ಗಿತು. ಅವನು ಒಬ್ಬರ ಹೆಸರು ಬರೆಯುವಷ್ಟರಲ್ಲಿ ಹತ್ತು ಜನ ಒಳಗೆ ಹೋಗಿದ್ದರು. ಇನ್ನೊಬ್ಬರದು ಬರೆದ. ಯಾರದೋ ಮೊಣಕೈ ತಗುಲಿ ಪೆನ್ನು ಹಾರಿತು. "ನಿಲ್ಲಿ, ಹೆಸರು ಹೇಳಿ!" ಎಂದು ಕೂಗಿದ. ಯಾರಿಗೂ ಕೇಳಿಸಲಿಲ್ಲ. ಕೊನೆಗೆ ನೋಟ್‌ಬುಕ್ಕನ್ನು ಎದೆಗವಚಿಕೊಂಡು ಗೋಡೆಗೆ ಅಂಟಿ ನಿಂತ.

ಊಟ ಮುಗಿದ ಮೇಲೆ ನಾಗಲಾಂಬೆ ಬಂದರು.

"ಗಂಟೆಗೆ ಮೊದಲು ಎಷ್ಟು ಜನ ಬಂದರು?"

"ಮೂವತ್ತೊಂದು."

"ಹೊಡೆದ ಮೇಲೆ?"

ಅವನು ಪುಟ ನೋಡಿದ. "ಇದರಲ್ಲಿ ಎರಡೇ ಇದೆ."

"ಸರಿ. ಹಾಗಾದರೆ ಗಂಟೆ ಹೊಡೆದ ಮೇಲೆ ಊಟಕ್ಕೆ ಬರೋದು ಇಬ್ಬರೇ ಅಂತಾಯ್ತು. ನಾಳೆಯಿಂದ ಅವರಿಗೆ ಅಂತ ಒಂದೇ ಸೇರು ಅಕ್ಕಿ ಹಾಕಿಸ್ತೀನಿ."

"ಏನು ಹೇಳ್ತಿದ್ದೀರಿ ಅಮ್ಮಾ!" ಧರಣೇಂದ್ರನಿಗೆ ರೇಗಿಹೋಯಿತು. "ಕಾಲಿಡೋಕೆ ಜಾಗ ಇರಲಿಲ್ಲ! ಅಷ್ಟು ಜನ ಒಟ್ಟಿಗೆ ನುಗ್ಗಿದರೆ ಬರೆಯೋಕಾದರೂ ಹೇಗಾಗತ್ತೆ? ಒಂದು ಬರೆದು ತಲೆ ಎತ್ತೋಕೂ ಬಿಡಲಿಲ್ಲ..."

ಅವನ ಮಾತು ಅಲ್ಲೇ ನಿಂತಿತು.



ಅವನ ಕಣ್ಣ ಮುಂದೆ ಆ ಪುಟ್ಟ ಉಪಕರಣ ಬಂತು. ಒಂದು ಕಣ ಎಣಿಸಿ ಮುಂದಿನದಕ್ಕೆ ಸಜ್ಜಾಗಲು ಅದಕ್ಕೂ ಒಂದು ಕ್ಷಣ ಬೇಕು. ಆ ಕ್ಷಣ ಸಿಗದೇ ಹೋಗಿದ್ದರೆ?

"ನೌಕೆಯಲ್ಲಿ ಇನ್ನೊಂದು ಎಣಿಕೆಯ ಉಪಕರಣ ಇತ್ತಲ್ಲ," ಎಂದರು ಗುರು. "ದಪ್ಪ ಕವಚದ ಒಳಗೆ, ಒಂದೊಂದೇ ಕಣ ನುಸುಳಿ ಬರೋ ಕಡೆ. ಅದೇನು ಹೇಳಿತು?"

ಧರಣೇಂದ್ರ ನೆಲ ನೋಡಿದ. "ಅದು ಏರುತ್ತಲೇ ಹೋಯಿತು. ಕೆಟ್ಟಿದೆ ಅಂದುಕೊಂಡು ಕೈಬಿಟ್ಟೆ."

"ಕೆಟ್ಟಿತ್ತಾ?"

"ಇಲ್ಲ," ಎಂದ ಅವನು. ಆಮೇಲೆ ಕ್ಯಾಮೆರಾದ ವಿಷಯ ಹೇಳಿದ.

ಅವರು ಬಯ್ಯಲಿಲ್ಲ. "ಆಫೀಸಿನ ಕೋಣೆಯಲ್ಲಿ ಫೋನಿದೆ," ಎಂದರು.

ಧರಣೇಂದ್ರ ನಿರ್ದೇಶಕರಿಗೆ ಫೋನು ಮಾಡಿದ. ಆ ಚಂದ್ರನ ಹತ್ತಿರ ಶಾಂತವಾಗಿಲ್ಲ, ಎಲ್ಲಕ್ಕಿಂತ ಭಯಂಕರವಾದ ಜಾಗವೇ ಅದು, ತೆಳು ಕವಚದ ನೌಕೆ ಹೋದರೆ ಕೆಲವೇ ದಿನಗಳಲ್ಲಿ ಸತ್ತುಹೋಗುತ್ತದೆ, ತಪ್ಪು ನನ್ನದೇ ಎಂದ. ಆ ಕಡೆಯ ಕೂಗು ಜಗಲಿಯವರೆಗೂ ಕೇಳಿಸಿತು. ಪತ್ರಿಕೆಯವರಿಗೆ ಈಗ ಯಾವ ಮುಖ ತೋರಿಸಲಿ ಎಂದು ನಿರ್ದೇಶಕರು ಕೇಳಿದರು. ಕೊನೆಗೆ, ಕವಚ ದಪ್ಪ ಮಾಡಿಸುತ್ತೇವೆ, ಅದಕ್ಕೆ ಒಂದು ಉಪಕರಣ ಇಳಿಸಲೇಬೇಕು, ಯಾವುದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ ತಾನೆ ಎಂದರು.

"ಬೇಕಾಗಿಲ್ಲ ಸಾರ್," ಎಂದು ಧರಣೇಂದ್ರ ಫೋನು ಇಟ್ಟ.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕುಳಿತ. ಆರು ವರ್ಷ ಹೋಯಿತು ಎನ್ನುವ ನೋವಿಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಾಗದೆ ಅದು ಗುರುವಿನ ಕಡೆಗೇ ತಿರುಗಿತು.

"ಅಮ್ಮಾ, ಆ ಉಪಕರಣ ಕಟ್ಟಿದವರೇ ನೀವು. ಅದು ಉಸಿರು ಕಟ್ಟಿದಾಗ ಸೊನ್ನೆ ತೋರಿಸುತ್ತೆ ಅಂತ ನಿಮಗೆ ಗೊತ್ತಿತ್ತು. ಸುಮ್ಮನೆ ಮೂರು ಸಲ ಹೊಳೆ ದಾಟಿಸಿದಿರಿ. ಮೊದಲನೇ ದಿನವೇ ಒಂದು ಮಾತು ಹೇಳಬಾರದಿತ್ತಾ?"

ನಾಗಲಾಂಬೆ ಅವನ ಪಕ್ಕದಲ್ಲಿ ಕುಳಿತರು.

"ಮೊದಲನೇ ದಿನವೇ ಹೇಳಿದೆ, ಧರಣಿ. ಆ ಎರಡು ಗಂಟೆಯಲ್ಲಿ ನಾಲ್ಕು ಸಲ ಹೇಳಿದೆ. ನೀನು ಮಾತಾಡ್ತಾ ಇದ್ದೆ."