ಸದ್ದಿರುವ ಮಗ್ಗುಲು

ಸಾಸಿವೆಗಿಂತ ಸಣ್ಣದಾದ ಹವಳದ ಮರಿಯೊಂದು ಕಡಲಿನಲ್ಲಿ ಅರೆನಿದ್ದೆಯಲ್ಲಿದ್ದಂತೆ ತೇಲುತ್ತಾ ಮನೆ ಹುಡುಕುತ್ತಿತ್ತು. ಹವಳದ ಕುಲದವರು ಒಮ್ಮೆ ಕೂತರೆ ಮತ್ತೆ ಏಳುವಂತಿಲ್ಲ. ಹಾಗಾಗಿ ಮರಿಗೆ ಕೂರುವುದೆಂದರೆ ಭಯ.

ಕೆಳಗೆ ಸತ್ತ ಹವಳದ ಬಂಡೆಯೊಂದಿತ್ತು. ಅದರ ಒಂದು ಮಗ್ಗುಲಲ್ಲಿ ಗಿಳಿಮೀನು ಹಲ್ಲಿನಿಂದ ಕರಕರನೆ ಪಾಚಿ ಕೆರೆದು ತಿನ್ನುತ್ತಿತ್ತು. ಇನ್ನೊಂದು ಮಗ್ಗುಲಲ್ಲಿ ಪಾಚಿ ದಟ್ಟವಾಗಿ ಬೆಳೆದು ಮೆಲ್ಲಗೆ ತೂಗುತ್ತಿತ್ತು.

“ಇಲ್ಲಿ ಬಾ ಮಗು,” ಎಂದಿತು ಪಾಚಿ. “ನನ್ನ ಹಾಸಿಗೆ ಮೆತ್ತಗಿದೆ. ಇಲ್ಲಿ ಯಾವ ಹಲ್ಲಿನ ಸದ್ದೂ ಇಲ್ಲ.”

ಮರಿ ಅತ್ತ ತೇಲಿತು. ಆಗ ಸತ್ತ ಬಂಡೆ ಮಾತಾಡಿತು. “ಸ್ವಲ್ಪ ತಾಳು. ನಾನೂ ಆ ನಿಶ್ಶಬ್ದವನ್ನು ನಂಬಿದ್ದವಳು. ಬಲೆಗಳು ಮೀನುಗಳನ್ನೆಲ್ಲ ಹೊತ್ತೊಯ್ದ ಮೇಲೆ, ಪಾಚಿ ಬೆಳೆಯುವುದೂ ಕೇಳಿಸುವಷ್ಟು ಶಾಂತಿಯಿತ್ತು. ಆ ಶಾಂತಿಯಲ್ಲೇ ಪಾಚಿ ಮೈತುಂಬ ಹಬ್ಬಿ ನಾನು ಉಸಿರುಕಟ್ಟಿ ಸತ್ತೆ. ಈಗ ಇಲ್ಲಿ ಬಲೆ ಬೀಸಕೂಡದೆಂದು ದ್ವೀಪದವರು ಕಟ್ಟುಪಾಡು ಮಾಡಿದ್ದಾರೆ. ಮೀನು ಮರಳಿ ಬಂದಿದೆ.”

“ಆ ಹಲ್ಲು ನನ್ನನ್ನೂ ಕೆರೆದರೆ, ಅಜ್ಜಿ?”

“ಕೆರೆದರೂ ಕೆರೆದೀತು. ಆದರೆ ಅದು ಕೆರೆಯದ ಕಡೆ ನಿನಗೆ ಕೂರಲು ಜಾಗವೇ ಇಲ್ಲ.”

ಮರಿ ಬಹಳ ಹೊತ್ತು ಸುತ್ತಿತು. ಕೊನೆಗೆ, ಮೀನಿನ ಹಲ್ಲು ಬಿಟ್ಟುಹೋದ ಬಿಳಿ ಗೀರಿನ ಪಕ್ಕದ ಗುಳಿಯೊಂದಕ್ಕೆ ಇಳಿದು, ಕಣ್ಣು ಮುಚ್ಚಿ ಅಂಟಿಕೊಂಡಿತು.

“ಭಾರವಾಯಿತೇ ಅಜ್ಜಿ?” ಎಂದು ಕೇಳಿತು.

“ಇಲ್ಲ ಮಗು,” ಎಂದಿತು ಬಂಡೆ. “ಆದಷ್ಟು ಬೇಗ ಭಾರವಾಗು.”