ಬಿಚ್ಚಿ ನೋಡದ ಪೊಟ್ಟಣ

ಹೊಳೆಯ ದಂಡೆಯ ಆಶ್ರಮದಲ್ಲಿ ಒಂದು ಔಷಧಾಲಯವಿತ್ತು. ಗುರುಗಳು ಕಾವಿ ಉಡುವ ಮೊದಲು ಔಷಧಶಾಸ್ತ್ರ ಓದಿದವರು. ಡಾಕ್ಟರು ಬರೆದ ಚೀಟಿ ಹಿಡಿದು ಸುತ್ತಲಿನ ಹಳ್ಳಿಗಳ ಜನ ಅಲ್ಲಿಗೆ ಬರುತ್ತಿದ್ದರು.

ಅಲ್ಲಿ ಒಂದು ನಿಯಮವಿತ್ತು. ಒಳಕೋಣೆಯಲ್ಲಿ ಕುಳಿತವರು ಮಾತ್ರೆಯ ಪೊಟ್ಟಣ ಕಟ್ಟಿ ಕಿಂಡಿಯಿಂದ ದಾಟಿಸಬೇಕು. ಹೊರಗೆ ಕುಳಿತವರು ಅದನ್ನು ಬಿಚ್ಚಿ, ಚೀಟಿಯೊಂದಿಗೆ ತಾಳೆ ನೋಡಿ, ಮತ್ತೆ ಕಟ್ಟಿ ರೋಗಿಗೆ ಕೊಡಬೇಕು.

ಗುರುಗಳೂ ಶಿಷ್ಯ ರೇವಣನೂ ದಿನ ಬಿಟ್ಟು ದಿನ ಜಾಗ ಬದಲಿಸುತ್ತಿದ್ದರು. ರೇವಣ ಕಟ್ಟಿದ ಪೊಟ್ಟಣಗಳನ್ನು ಗುರುಗಳು ಒಂದೂ ಬಿಡದೆ ಬಿಚ್ಚುತ್ತಿದ್ದರು.

ಗುರುಗಳು ಕಟ್ಟಿದ್ದನ್ನು ರೇವಣ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದ. ಕಣ್ಣಿಗೊತ್ತಿಕೊಂಡು ಹಾಗೇ ರೋಗಿಗೆ ಕೊಡುತ್ತಿದ್ದ. ಗೋಡೆಯ ಆಚೆ ಇದ್ದ ಗುರುಗಳಿಗೆ ಅದು ಕಾಣುತ್ತಿರಲಿಲ್ಲ.

ಒಂದು ಸೋಮವಾರ ಆಚೆ ದಂಡೆಯ ಬಾಳವ್ವ ಬಂದು ರಕ್ತದೊತ್ತಡದ ಮಾತ್ರೆ ಒಯ್ದಳು. ಕಟ್ಟಿದವರು ಗುರುಗಳು. ಕೊಟ್ಟವನು ರೇವಣ.

ಮಧ್ಯಾಹ್ನ ರೇವಣ ಒಳಕೋಣೆಯ ಕಪಾಟು ಒರೆಸಲು ಹೋದ. ರಕ್ತದೊತ್ತಡದ ಮಾತ್ರೆಯ ಹಳೆಯ ಡಬ್ಬಿ ಹಿಂದಿನ ದಿನವೇ ಖಾಲಿಯಾಗಿತ್ತು. ಹೊಸ ಡಬ್ಬಿ ಅದರ ಜಾಗದಲ್ಲಿತ್ತು. ಅದರ ಸೀಲು ಒಡೆದಿರಲಿಲ್ಲ.

ಪಕ್ಕದಲ್ಲಿದ್ದದ್ದು ಸಕ್ಕರೆ ಕಾಯಿಲೆಯ ಮಾತ್ರೆಯ ಡಬ್ಬಿ. ಅವೂ ಬಿಳಿ, ಅವೂ ಸಣ್ಣವು. ಅದರ ಮುಚ್ಚಳ ಸಡಿಲವಾಗಿತ್ತು.

ಬಾಳವ್ವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ರೇವಣ ಸೀಲಿದ್ದ ಡಬ್ಬಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದ. ಆಮೇಲೆ ಗುರುಗಳ ಬಳಿ ಹೋದ.

“ಗುರುಗಳೇ, ನನ್ನಿಂದ ತಪ್ಪಾಗಿದೆ. ಬಾಳವ್ವನಿಗೆ ಬೇರೆ ಮಾತ್ರೆ ಹೋಗಿದೆ. ಸಕ್ಕರೆ ಕಾಯಿಲೆಯದು.”

“ಕಟ್ಟಿದ್ದು ಯಾರು?”

ರೇವಣ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸತೊಡಗಿದ.

“ನಾನು,” ಎಂದು ಗುರುಗಳು ಎದ್ದರು. “ಪೇಟೆಗೆ ಫೋನು ಮಾಡಿ ಡಾಕ್ಟರನ್ನು ಆಕೆಯ ಮನೆಗೇ ಬರಹೇಳು. ಸಕ್ಕರೆ ತೆಗೆದುಕೋ. ದೋಣಿಗೆ ನಡೆ.”

ಬಾಳವ್ವ ಕಟ್ಟೆಯ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಮೈಯೆಲ್ಲ ಬೆವರು. ಬೆರಳು ನಡುಗುತ್ತಿದ್ದವು.

“ಅತ್ತಿ ಬಂದವರೇ ಗುಳಿಗಿ ನುಂಗ್ಯಾರ್ರಿ ಅಜ್ಜಾರ,” ಎಂದಳು ಸೊಸೆ. “ಸೋಮವಾರ ಒಪ್ಪತ್ತು. ಒಂದಗಳು ಅನ್ನ ಬಾಯಾಗ ಹಾಕಿಲ್ಲ.”

ಗುರುಗಳು ಸಕ್ಕರೆ ನೀರು ಕಲಸಿ ತಾವೇ ಲೋಟ ಹಿಡಿದು ಕುಡಿಸಿದರು. ಬಾಳವ್ವ ಮೆಲ್ಲಗೆ ಗುಟುಕರಿಸಿದಳು. ಆಮೇಲೆ ಅನ್ನ ತಿನ್ನಿಸಲು ಸೊಸೆಗೆ ಹೇಳಿದರು.

ಬೆವರು ನಿಂತಿತು. ಬಾಳವ್ವ ಕಣ್ಣು ಬಿಟ್ಟು ನೋಡಿದಳು.

“ಒಪ್ಪತ್ತು ಕೆಡಿಸಿಬಿಟ್ರಲ್ಲರಿ ಅಜ್ಜಾರ.”

“ಕೆಡಿಸಿದೆ ಬಾಳವ್ವ. ಬೆಳಿಗ್ಗೆ ನಿನಗೆ ಬ್ಯಾರೆ ಗುಳಿಗಿ ಕಟ್ಟಿಕೊಟ್ಟಿದ್ದೆ. ಅದಕ್ಕ ಹಿಂಗಾತು.”

“ಅಜ್ಜಾರು ಎಲ್ಲ್ಯಾರ ತಪ್ತಾರೇನ್ರಿ? ನನ್ನ ಹಣೆಬರಹ.”

“ಹಣೆಬರಹ ಅಲ್ಲವ್ವ. ಡಬ್ಬಿ. ಪಕ್ಕದ ಡಬ್ಬಿ ತೆಗೆದೆ.”

ಬಾಳವ್ವ ಒಪ್ಪದವಳಂತೆ ಸೊಸೆಯ ಮುಖ ನೋಡಿದಳು. ಗುರುಗಳು ಉಳಿದ ಮಾತ್ರೆಗಳನ್ನು ಕೇಳಿ ವಾಪಸು ಪಡೆದರು.

ಡಾಕ್ಟರು ಬಂದು ಬೆರಳ ತುದಿಯ ರಕ್ತ ಪರೀಕ್ಷಿಸಿದರು. ಈ ಮಾತ್ರೆಯ ಪ್ರಭಾವ ಬೇಗ ಇಳಿಯುವುದಿಲ್ಲ, ಮತ್ತೆ ಮತ್ತೆ ನೋಡಬೇಕು ಎಂದು ತಮ್ಮ ಜೀಪಿನಲ್ಲೇ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದರು. ಗುರುಗಳೂ ರೇವಣನೂ ಜೊತೆಗೆ ಹೋದರು. ಮರುದಿನ ಡಾಕ್ಟರು “ಇನ್ನು ಭಯವಿಲ್ಲ” ಎಂದ ಮೇಲೆ ಇಬ್ಬರೂ ಆಶ್ರಮಕ್ಕೆ ಮರಳಲು ದೋಣಿ ಹತ್ತಿದರು.

ದೋಣಿ ಹೊಳೆಯ ನಡುವೆ ಬಂದಾಗ ರೇವಣ ಕೇಳಿದ.

“ಗುರುಗಳೇ, ಇದು ನನಗೆ ನೀವು ಒಡ್ಡಿದ ಪರೀಕ್ಷೆಯೇ?”

“ಅಲ್ಲ.”

“ನಾನು ಬಿಚ್ಚಿ ನೋಡುತ್ತಿಲ್ಲವೆಂದು ನಿಮಗೆ ಗೊತ್ತಿದ್ದು, ಬೇಕೆಂದೇ...”

“ಪರೀಕ್ಷೆಯಾಗಿದ್ದರೆ ಬಾಳವ್ವ ಬಾಗಿಲು ದಾಟುವ ಮೊದಲೇ ತಡೆಯುತ್ತಿದ್ದೆ. ಇದು ತಪ್ಪು. ಕೈ ಎಂದಿನ ಜಾಗಕ್ಕೆ ಹೋಯಿತು. ಕಣ್ಣು ಜೊತೆಗೆ ಹೋಗಲಿಲ್ಲ.”

ರೇವಣನಿಗೆ ಅದನ್ನು ಕೇಳುವುದು ಕಷ್ಟವಾಯಿತು. ಪರೀಕ್ಷೆಯೆಂದಿದ್ದರೆ ಚೆನ್ನಾಗಿತ್ತು ಎನಿಸಿತು.

“ನೀನು ಯಾಕೆ ಬಿಚ್ಚಲಿಲ್ಲ?” ಗುರುಗಳು ಕೇಳಿದರು.

“ನಿಮ್ಮ ಕೈಯಿಂದ ಬಂದದ್ದು. ನನಗೆ ಅದು ಪ್ರಸಾದ.”

“ಪ್ರಸಾದಕ್ಕೆ ಡಾಕ್ಟರ ಚೀಟಿ ಯಾಕಪ್ಪ?”

ಹುಟ್ಟು ಹಾಕುತ್ತಿದ್ದ ಅಂಬಿಗ ಮುಖ ತಿರುಗಿಸಿ ನಕ್ಕ.

ರೇವಣ ತಲೆ ತಗ್ಗಿಸಿದ. “ಹಾಗಾದರೆ ಗುರುಗಳನ್ನು ಅನುಮಾನಿಸಬೇಕೇ?”

“ಅನುಮಾನ ಯಾಕೆ? ನೋಡಿದರೆ ಸಾಕು.”

“ನೋಡುವುದೇ ಅಪಚಾರ ಅನಿಸುತ್ತದೆ.”

“ನಿನ್ನ ಪೊಟ್ಟಣ ನಾನು ಬಿಚ್ಚುವಾಗ ನಿನಗೆ ಅವಮಾನ ಅನಿಸಿತ್ತೇ?”

“ಇಲ್ಲ. ನಾನು ಶಿಷ್ಯ. ತಪ್ಪಬಹುದು.”

ಗುರುಗಳು ಮಡಿಲಿನಿಂದ ಬಾಳವ್ವ ಕೊಟ್ಟ ಪೊಟ್ಟಣ ತೆಗೆದು ಅವನ ಅಂಗೈಯಲ್ಲಿಟ್ಟರು. ದೋಣಿ ದಂಡೆ ಮುಟ್ಟುವವರೆಗೂ ರೇವಣ ಅದನ್ನು ಹಿಡಿದೇ ಇದ್ದ.

ಆಶ್ರಮ ಸೇರಿದ ಕೂಡಲೇ ಗುರುಗಳು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಬೇರೆ ಕಪಾಟಿಗೆ ಸರಿಸಿದರು. ತಮ್ಮ ಚಾಪೆಯನ್ನು ಹೊರಗೆ ತಂದು ರೇವಣನ ಎದುರು ಹಾಸಿದರು.

ಸಾಲು ನಿಂತವರಿಗೆಲ್ಲ ಕೇಳುವಂತೆ ಹೇಳಿದರು: “ನಿನ್ನೆ ನಾನು ಕೊಟ್ಟ ತಪ್ಪು ಮಾತ್ರೆಯಿಂದ ಬಾಳವ್ವ ಆಸ್ಪತ್ರೆ ಸೇರಬೇಕಾಯಿತು. ಈಗ ಉಳಿದಿದ್ದಾಳೆ. ನಿನ್ನೆ ಮಾತ್ರೆ ಒಯ್ದವರೆಲ್ಲ ಮತ್ತೆ ತಂದು ತೋರಿಸಿ.”

“ಅಜ್ಜಾರ ಹಂಗೆಲ್ಲ ಅನಬಾರದ್ರಿ,” ಎಂದ ಸಾಲಿನಲ್ಲಿದ್ದ ಒಬ್ಬ ಮುದುಕ.

“ನಿನ್ನ ಚೀಟಿ ಕೊಡಪ್ಪ,” ಎಂದರು ಗುರುಗಳು.

ಚೀಟಿ ಓದಿ, ಪೊಟ್ಟಣ ಕಟ್ಟಿ, ರೇವಣನ ಮುಂದಿಟ್ಟರು.

ರೇವಣ ಕೈ ಒರೆಸಿಕೊಂಡ. ಮುದುಕ ಅವನನ್ನೇ ನೋಡುತ್ತಿದ್ದ. ಸಾಲು ಕೂಡ ನೋಡುತ್ತಿತ್ತು. ಪೊಟ್ಟಣ ಬಿಚ್ಚಿದ. ತಲೆಯೆತ್ತಿ ಗುರುಗಳ ಕಡೆ ನೋಡಿದ. ಅವರ ಮುಖ ಶಾಂತವಾಗಿತ್ತು.

“ಸರಿಯಾಗಿದೆ ಗುರುಗಳೇ,” ಎಂದ.

“ನನ್ನ ಮುಖ ನೋಡಿ ಹೇಳಿದೆ,” ಎಂದರು ಗುರುಗಳು. “ಮಾತ್ರೆ ನೋಡಿ ಹೇಳು.”